ಬಿದ್ದವನನ್ನು ಎತ್ತಿ ನಿಲ್ಲಿಸಿದ ಕೃಪೆ: ಸಂತ ಕಮಿಲ್ಲಸರ ಜೀವನ

ನೂರು ವರ್ಷಗಳನ್ನು ಪೂರೈಸಿದ ದೇವಾಲಯವೊಂದು ತನ್ನ ಗತಕಾಲವನ್ನು ಸ್ಮರಿಸುವಾಗ ಅಡಿಗಲ್ಲಿಟ್ಟವರನ್ನೂ, ಗಂಟೆಗೋಪುರವನ್ನು ಕಟ್ಟಿಸಿದವರನ್ನೂ, ಸೇವೆ ಸಲ್ಲಿಸಿದ ಗುರುವರ್ಯರನ್ನೂ, ಉದಾರಿಗಳಾದ ದಾನಿಗಳನ್ನೂ ನೆನೆಯುವುದು ಯೋಗ್ಯವೇ ಆಗಿದೆ. ಆದರೆ ಯಾವ ದೇವಾಲಯದ ಇತಿಹಾಸದಲ್ಲಿಯೂ ಬರಹಕ್ಕಿಳಿಯದ ಒಂದು ಅಧ್ಯಾಯವಿರುತ್ತದೆ. ಜ್ಞಾನಸ್ನಾನಕ್ಕೆ ಪುಸ್ತಕವುಂಟು, ವಿವಾಹಕ್ಕೆ ಪುಸ್ತಕವುಂಟು, ಮರಣಕ್ಕೂ ಪುಸ್ತಕವುಂಟು; ಪಾಪನಿವೇದನೆಗೆ ಮಾತ್ರ ಪುಸ್ತಕವಿಲ್ಲ. ಈ ನೂರು ವರ್ಷಗಳಲ್ಲಿ ಎಷ್ಟು ಮಂದಿ ಬಿದ್ದರು, ಎಷ್ಟು ಮಂದಿ ಎದ್ದು ಬಂದರು ಎಂಬುದು ದೇವರೊಬ್ಬರಿಗೇ ಗೊತ್ತು.

ಎದ್ದು ಬಂದವರಿಗಾಗಿ ನಾವು ದೇವರಿಗೆ ಕೃತಜ್ಞತೆ ಸಲ್ಲಿಸುತ್ತೇವೆ. ಆದರೆ ಬಿದ್ದಲ್ಲಿಯೇ ಉಳಿದವರೂ ಇದ್ದಾರೆ. ಕುಡಿತಕ್ಕೋ ಜೂಜಿಗೋ ಮನೆ ಮಠ ಕಳೆದುಕೊಂಡವರು, ಮಾಡಿದ ಹರಕೆಯನ್ನು ಮುರಿದವರು, ಒಡಹುಟ್ಟಿದವರಿಗೆ ದ್ರೋಹ ಬಗೆದವರು, ಹಬ್ಬದ ದಿನವೂ ದೇವಾಲಯದ ಹೊರಗಿನ ಮರದ ನೆರಳಿನಲ್ಲಿಯೇ ನಿಂತು ಹಿಂತಿರುಗುವವರು, ಎಲ್ಲ ವಿಚಾರಣೆಗಳಲ್ಲಿಯೂ ಕಾಣಸಿಗುತ್ತಾರೆ. ದೇವರು ಕ್ಷಮಿಸುವರೆಂದು ಅವರು ಬಾಲ್ಯದ ಜ್ಞಾನೋಪದೇಶದಲ್ಲಿಯೇ ಕಲಿತಿದ್ದಾರೆ. ಆದರೆ ಕ್ಷಮೆ ದೊರೆತ ಮೇಲೂ ತಾವು ಯಾವ ಕೆಲಸಕ್ಕೂ ಬಾರದವರೆಂದು ಒಳಗೊಳಗೇ ತೀರ್ಮಾನಿಸಿಕೊಂಡಿದ್ದಾರೆ. ಅಂಥವರನ್ನು ಮನಸ್ಸಿನಲ್ಲಿಟ್ಟುಕೊಂಡೇ ರೋಗಿಗಳ ಪಾಲಕರಾದ ಸಂತ ಕಮಿಲ್ಲಸ್ ದೆ ಲೆಲ್ಲಿಸರ ಜೀವನವನ್ನು ಈ ಸಂಚಿಕೆಯಲ್ಲಿ ಸಂಗ್ರಹವಾಗಿ ನಿರೂಪಿಸಲು ನಾವು ಬಯಸಿದ್ದೇವೆ.

ತಾಯಿಯ ಕನಸು, ಮಗನ ದಾರಿ

ಇಟಲಿಯ ಅಬ್ರುತ್ಸೊ ಪ್ರಾಂತದ ಬುಕ್ಕಿಯಾನಿಕೊ ಎಂಬ ಊರಿನಲ್ಲಿ 1550ನೆಯ ಇಸವಿ ಮೇ 25ರಂದು ಕಮಿಲ್ಲಸನು ಜನಿಸಿದನು. ತಂದೆ ಜೊವಾನ್ನಿ ದೆ ಲೆಲ್ಲಿಸ್ ಕೂಲಿ ಸೈನ್ಯಗಳಲ್ಲಿ ದುಡಿಯುತ್ತಿದ್ದ ಯೋಧ. ಮನೆಯಲ್ಲಿ ಇರುತ್ತಿದ್ದುದು ಅಪರೂಪ. ತಾಯಿ ಕಮಿಲ್ಲ ದೈವಭಕ್ತೆ. ಮಕ್ಕಳಾಗುವ ವಯಸ್ಸು ಮೀರಿದ ಮೇಲೆ ಈ ಮಗನನ್ನು ಹೆತ್ತವಳು. ಮಗು ಹುಟ್ಟುವ ಮುನ್ನ ಆಕೆಗೆ ಒಂದು ಕನಸು ಬಿದ್ದಿತೆಂದು ಸಂಪ್ರದಾಯವು ಹೇಳುತ್ತದೆ. ಎದೆಯ ಮೇಲೆ ಶಿಲುಬೆಯ ಗುರುತನ್ನು ಧರಿಸಿದ ಒಬ್ಬ ಬಾಲಕನೂ, ಅದೇ ಗುರುತು ಧರಿಸಿ ಅವನನ್ನು ಹಿಂಬಾಲಿಸುವ ಅನೇಕ ಬಾಲಕರೂ ಆಕೆಗೆ ಕಾಣಿಸಿದರಂತೆ. ಆ ಕಾಲದಲ್ಲಿ ಮರಣದಂಡನೆಗೆ ಒಯ್ಯಲಾಗುತ್ತಿದ್ದ ಅಪರಾಧಿಗಳ ಎದೆಯ ಮೇಲೆ ಶಿಲುಬೆಯ ಚಿಹ್ನೆಯನ್ನು ತೊಡಿಸುವ ಪದ್ಧತಿಯಿದ್ದುದರಿಂದ, ತನ್ನ ಮಗ ಕಳ್ಳರ ಗುಂಪಿನ ನಾಯಕನಾಗುವನೋ ಎಂದು ಆ ತಾಯಿ ಹೆದರಿದಳು. ಮಗ ಬೆಳೆದ ಬಗೆಯೂ ಆಕೆಯ ಹೆದರಿಕೆಗೆ ತಕ್ಕಂತೆಯೇ ಇದ್ದಿತು. ಓದು ಹತ್ತಲಿಲ್ಲ, ಕೋಪ ಬೇಗ ಬರುತ್ತಿತ್ತು, ಇಸ್ಪೀಟಿನ ಎಲೆಗಳೂ ಜೂಜಿನ ದಾಳಗಳೂ ಎಳೆಯ ವಯಸ್ಸಿನಲ್ಲಿಯೇ ಕೈಗೆ ಅಂಟಿಕೊಂಡವು. ಅವನಿಗೆ ಹನ್ನೆರಡು ಹದಿಮೂರು ವರ್ಷವಾಗುವಷ್ಟರಲ್ಲಿ ತಾಯಿ ತೀರಿಕೊಂಡಳು.

ಯೌವನಕ್ಕೆ ಕಾಲಿಟ್ಟಾಗ ಕಮಿಲ್ಲಸನು ಆರೂವರೆ ಅಡಿ ಎತ್ತರದ ಬಲಶಾಲಿಯಾಗಿದ್ದನು. ತುರ್ಕರ ವಿರುದ್ಧ ಸೈನ್ಯ ಕೂಡಿಸುತ್ತಿದ್ದ ವೆನಿಸ್ ಗಣರಾಜ್ಯವನ್ನು ಸೇರಲು 1570ರ ಸುಮಾರಿಗೆ ತಂದೆ ಮಗ ಇಬ್ಬರೂ ಹೊರಟರು. ದಾರಿಯಲ್ಲಿಯೇ ತಂದೆ ಕಾಯಿಲೆ ಬಿದ್ದು, ಪಶ್ಚಾತ್ತಾಪಪಟ್ಟು, ಸಂಸ್ಕಾರಗಳನ್ನು ಸ್ವೀಕರಿಸಿ ಮರಣ ಹೊಂದಿದನು. ಮಗನ ಪಾಲಿಗೆ ಉಳಿದುದು ತಂದೆಯ ಆಯುಧಗಳು ಮತ್ತು ಕಾಲಿನಲ್ಲಿ ಎದ್ದ ಒಂದು ಹುಣ್ಣು. ಆ ಹುಣ್ಣು ಅವನ ಜೀವಮಾನದ ಸಂಗಾತಿಯಾಗಲಿತ್ತು.

ಅಂಥ ದುಃಖದ ದಿನಗಳಲ್ಲಿ ಫೆರ್ಮೊ ಎಂಬ ಊರಿನಲ್ಲಿ ಇಬ್ಬರು ಫ್ರಾನ್ಸಿಸ್ಕನ್ ಸಂನ್ಯಾಸಿಗಳು ತಲೆ ತಗ್ಗಿಸಿ ವಿನಯದಿಂದ ನಡೆದುಹೋಗುವುದನ್ನು ಅವನು ಕಂಡನು. ಮನಸ್ಸು ಕರಗಿ, ತಾನೂ ಸಂತ ಫ್ರಾನ್ಸಿಸರ ಸಭೆಯನ್ನು ಸೇರುವೆನೆಂದು ದೇವರಿಗೆ ಹರಕೆ ಹೊತ್ತನು. ಆ ಸಭೆಯಲ್ಲಿದ್ದ ತನ್ನ ಸೋದರಮಾವನ ಬಳಿಗೆ ಹೋಗಿ ಪ್ರವೇಶ ಬೇಡಿದನು. ಆದರೆ ಹುಣ್ಣಿನ ಕಾಲಿನ ಈ ಒರಟು ಯುವಕನನ್ನು ಆ ಅನುಭವಸ್ಥನು ಸ್ವೀಕರಿಸಲಿಲ್ಲ. ಸ್ವಲ್ಪ ಕಾಲದಲ್ಲಿಯೇ ಹರಕೆಯೂ ಮರೆತುಹೋಯಿತು.

ಆಸ್ಪತ್ರೆಯಿಂದ ಹೊರಗೆ

1571ರಲ್ಲಿ ಕಮಿಲ್ಲಸನು ರೋಮ್ ನಗರದ ಸಂತ ಯಕೋಬರ ಆಸ್ಪತ್ರೆಗೆ ಬಂದನು. ಗುಣವಾಗದ ಕಾಯಿಲೆಗಳವರಿಗಾಗಿಯೇ ಇದ್ದ ಆಸ್ಪತ್ರೆ ಅದು. ಕಾಲಿಗೆ ಚಿಕಿತ್ಸೆ ಪಡೆಯುತ್ತ ಅಲ್ಲಿಯೇ ಕೆಲಸದಾಳಾಗಿಯೂ ಇರುವ ಅವಕಾಶ ದೊರೆಯಿತು. ಆದರೆ ರೋಗಿಗಳನ್ನು ನೋಡಿಕೊಳ್ಳಬೇಕಾದ ವೇಳೆಯಲ್ಲಿ ಅವನು ಟೈಬರ್ ನದಿಯ ದೋಣಿಗಾರರೊಡನೆ ಇಸ್ಪೀಟು ಆಡಲು ಓಡಿಹೋಗುತ್ತಿದ್ದನು. ಜೊತೆಗಾರರೊಡನೆ ಜಗಳವೂ ನಿಲ್ಲಲಿಲ್ಲ. ಕೆಲವು ತಿಂಗಳುಗಳಾದ ಮೇಲೆ ಅವನಿಂದ ಪ್ರಯೋಜನವಿಲ್ಲವೆಂದು ಆಸ್ಪತ್ರೆಯವರು ಹೊರಗೆ ಕಳುಹಿಸಿದರು. ಈ ಸಂಗತಿಯನ್ನು ಓದುಗರು ನೆನಪಿನಲ್ಲಿಡಬೇಕು; ಕಮಿಲ್ಲಸನ ಬಾಳಿನ ಮುಂದಿನ ಕಥೆ ಅದೇ ಬಾಗಿಲಿಗೆ ಹಿಂದಿರುಗಿ ಬರುತ್ತದೆ.

ಮುಂದೆ ವೆನಿಸಿನ ಸೈನ್ಯದಲ್ಲಿ, ಬಳಿಕ ಸ್ಪೇನಿನ ಸೇವೆಯಲ್ಲಿ ಅಲೆದಾಟ. ಟುನಿಸಿನ ದಂಡಯಾತ್ರೆಯಿಂದ 1574ರ ಶರತ್ಕಾಲದಲ್ಲಿ ಹಿಂತಿರುಗುವಾಗ ಹಡಗು ಭೀಕರ ಬಿರುಗಾಳಿಗೆ ಸಿಕ್ಕಿತು. ಸಾವು ಕಣ್ಣೆದುರಿಗೆ ಬಂದಾಗ ಹಳೆಯ ಹರಕೆ ನೆನಪಾಯಿತು. ನೇಪಲ್ಸಿನ ದಡ ಮುಟ್ಟಿದಾಗ ಮತ್ತೆ ಮರೆಯಿತು. ಆ ನಗರದಲ್ಲಿ ಅವನು ಜೂಜಿನಲ್ಲಿ ಕತ್ತಿಯನ್ನು ಸೋತನು, ಕೋವಿಯನ್ನು ಸೋತನು, ನಿಲುವಂಗಿಯನ್ನು ಸೋತನು. ಮೈಮೇಲಿನ ಅಂಗಿಯವರೆಗೂ ಸೋತನೆಂದು ಅವನ ಚರಿತ್ರಕಾರರು ಹೇಳುತ್ತಾರೆ. ಇಪ್ಪತ್ತನಾಲ್ಕು ವರ್ಷದ ಆ ಯೋಧನು ಈಗ ಭಿಕ್ಷುಕನಾಗಿದ್ದನು.

ಕೃಪೆಯ ದಿನ

ಅದೇ ವರ್ಷ ನವೆಂಬರ್ 30ರಂದು, ಸಂತ ಅಂದ್ರೆಯರ ಹಬ್ಬದ ದಿನ, ಆದ್ರಿಯ ಸಮುದ್ರತೀರದ ಮನ್‌ಫ್ರೆದೋನಿಯ ಎಂಬ ಊರಿನ ದೇವಾಲಯದ ಬಾಗಿಲಲ್ಲಿ ಕಮಿಲ್ಲಸನು ಟೋಪಿ ಚಾಚಿ ಭಿಕ್ಷೆ ಬೇಡುತ್ತಿದ್ದನು. ಗಟ್ಟಿಮುಟ್ಟಾದ ಆಳು ಹೀಗೆ ಬೇಡುವುದನ್ನು ಕಂಡ ಅಲ್ಲಿನ ಗೃಹಸ್ಥರೊಬ್ಬರು, ಕಪುಚಿನ್ ಸಂನ್ಯಾಸಿಗಳ ಮಠ ಕಟ್ಟುವಲ್ಲಿ ಕೂಲಿ ಕೆಲಸ ಕೊಡಿಸುವುದಾಗಿ ಹೇಳಿದರು. ಕೂಲಿ ಮಾಡುವುದು ಯೋಧನಿಗೆ ಅವಮಾನ. ಅವನು ಮೊದಲು ಒಪ್ಪದೆ ಜೊತೆಗಾರನೊಡನೆ ಮುಂದಿನ ಊರಿನತ್ತ ಹೊರಟುಹೋದನು. ಆದರೆ ಮನಸ್ಸು ಬದಲಾಗಿ ಹಿಂದಿರುಗಿ ಬಂದನು. ಕತ್ತೆಗಳ ಮೇಲೆ ಕಲ್ಲು, ಸುಣ್ಣ, ನೀರು ಹೇರಿ ಸಾಗಿಸುವುದು ಅವನ ಕೆಲಸವಾಯಿತು. ಚಳಿಗಾಲ ಕಳೆಯುವವರೆಗೆ ನಾಲ್ಕು ಕಾಸು ಕೂಡಿಸಿಕೊಂಡು ಮತ್ತೆ ಯುದ್ಧಕ್ಕೂ ಜೂಜಿಗೂ ಮರಳುವುದೇ ಅವನ ಆಲೋಚನೆಯಾಗಿದ್ದಿತು.

1575ರ ಫೆಬ್ರವರಿ ಆರಂಭದಲ್ಲಿ ಅವನನ್ನು ಸಾನ್ ಜೊವಾನ್ನಿ ರೊತೊಂದೊ ಎಂಬ ಬೆಟ್ಟದೂರಿನ ಕಪುಚಿನ್ ಮಠಕ್ಕೆ ಸಾಮಗ್ರಿ ತರಲು ಕಳುಹಿಸಲಾಯಿತು. ನಮ್ಮ ಕಾಲದವರೇ ಆದ ಸಂತ ಪಾದ್ರೆ ಪಿಯೊರವರು 1916ರಿಂದ 1968ರಲ್ಲಿ ಮರಣ ಹೊಂದುವವರೆಗೆ ವಾಸವಾಗಿದ್ದು, ಸಹಸ್ರಾರು ಜನರ ಪಾಪನಿವೇದನೆಯನ್ನು ಆಲಿಸಿದ ಮಠವೂ ಅದೇ ಎಂಬುದನ್ನು ಓದುಗರು ಗಮನಿಸಬಹುದು. ಅಲ್ಲಿನ ಮಠಾಧಿಕಾರಿಗಳು ಸಂಜೆ ಈ ಕತ್ತೆ ಕಾಯುವ ಆಳನ್ನು ಪಕ್ಕಕ್ಕೆ ಕರೆದು, ದೇವರ ವಿಷಯವನ್ನೂ ಪಾಪದ ವಿಷಯವನ್ನೂ ಸರಳವಾದ ಮಾತಿನಲ್ಲಿ ತಿಳಿಸಿದರು. ಬೈಯಲಿಲ್ಲ, ಹೀಯಾಳಿಸಲಿಲ್ಲ. ಮರುದಿನ ಫೆಬ್ರವರಿ 2, ಪ್ರಭುವನ್ನು ದೇವಾಲಯದಲ್ಲಿ ಸಮರ್ಪಿಸಿದ ಹಬ್ಬ. ಬೆಳಗಿನ ಪೂಜೆಯ ನಂತರ ಕಮಿಲ್ಲಸನು ಕತ್ತೆಯೇರಿ ಮನ್‌ಫ್ರೆದೋನಿಯದ ಕಡೆಗೆ ಹೊರಟನು. ಕಲ್ಲುಗುಡ್ಡಗಳ ನಡುವಿನ ದಾರಿಯಲ್ಲಿ ಹಿಂದಿನ ಸಂಜೆಯ ಮಾತುಗಳು ಅವನ ಹೃದಯವನ್ನು ತಿವಿದವು. ಕತ್ತೆಯಿಂದ ಕೆಳಗಿಳಿದು, ನೆಲದ ಮೇಲೆ ಮೊಣಕಾಲೂರಿ, ಇಷ್ಟು ಕಾಲ ದೇವರನ್ನು ಅರಿಯದೆ ಹೋದೆನಲ್ಲಾ ಎಂದು ಗಟ್ಟಿಯಾಗಿ ಅತ್ತನು. ಪ್ರಾಯಶ್ಚಿತ್ತ ಮಾಡಿಕೊಳ್ಳಲು ಸ್ವಲ್ಪ ಕಾಲಾವಕಾಶ ಕೊಡಬೇಕೆಂದು ಬೇಡಿಕೊಂಡನು. ಬದುಕಿರುವಷ್ಟು ಕಾಲವೂ ಅವರು ಆ ದಿನವನ್ನು ತಮ್ಮ ಮನಪರಿವರ್ತನೆಯ ದಿನವೆಂದು ಆಚರಿಸುತ್ತಿದ್ದರು.

ಕ್ಷಮೆ ದೊರೆತ ಮೇಲೆ

ಸಂತರ ಕಥೆಗಳು ಸಾಮಾನ್ಯವಾಗಿ ಇಲ್ಲಿಗೆ ಮುಗಿದಂತೆ ನಮಗೆ ತೋರುತ್ತದೆ. ಪಾಪಿ ಅತ್ತನು, ದೇವರು ಕ್ಷಮಿಸಿದರು, ಅಂದಿನಿಂದ ಎಲ್ಲವೂ ಸರಿಹೋಯಿತು ಎಂದು ಭಾವಿಸುತ್ತೇವೆ. ಕಮಿಲ್ಲಸರ ಜೀವನದಲ್ಲಿ ಹಾಗಾಗಲಿಲ್ಲ. ಕ್ಷಮೆಯು ಒಂದು ಬೆಳಗಿನಲ್ಲಿ ದೊರೆಯಿತು. ಮುರಿದ ಬದುಕು ಮತ್ತೆ ನೆಟ್ಟಗೆ ನಿಲ್ಲಲು ವರ್ಷಗಳು ಬೇಕಾದವು.

ಹಳೆಯ ಹರಕೆಯನ್ನು ತೀರಿಸಲು ಅವರು ಕಪುಚಿನ್ ಸಭೆಯನ್ನು ಸೇರಿದರು. ಆದರೆ ಒರಟು ನಿಲುವಂಗಿಯ ಅಂಚು ಉಜ್ಜಿ ಉಜ್ಜಿ ಕಾಲಿನ ಹುಣ್ಣು ಮತ್ತೆ ಒಡೆಯಿತು. ಸಂನ್ಯಾಸಿಗಳು ಅವರನ್ನು ಪ್ರೀತಿಸುತ್ತಿದ್ದರೂ ಸಭೆಯ ಕಠಿಣ ಜೀವನಕ್ಕೆ ಇಂಥ ದೇಹ ಒಗ್ಗದೆಂದು ಹಿಂದಕ್ಕೆ ಕಳುಹಿಸಿದರು. ಕಮಿಲ್ಲಸರು ಎಲ್ಲಿಗೆ ಹೋಗಬೇಕು? ಹುಣ್ಣಿಗೆ ಚಿಕಿತ್ಸೆ ದೊರೆಯುವ ಸ್ಥಳವೊಂದೇ ಅವರಿಗೆ ತಿಳಿದಿದ್ದಿತು. ಅದು ನಾಲ್ಕು ವರ್ಷಗಳ ಹಿಂದೆ ಅವರನ್ನು ಹೊರದೂಡಿದ ಸಂತ ಯಕೋಬರ ಆಸ್ಪತ್ರೆ.

ತನ್ನ ಅಪಕೀರ್ತಿ ತಿಳಿದಿರುವ ಊರಿಗೆ ಹಿಂತಿರುಗುವುದೆಂದರೆ ಏನೆಂಬುದನ್ನು ಬಿದ್ದು ಎದ್ದವರು ಬಲ್ಲರು. ಇಸ್ಪೀಟಿನ ಕಮಿಲ್ಲಸ್ ಬಂದನೆಂದು ಜನ ಮೂದಲಿಸಬಹುದೆಂಬ ಅಳುಕು ಯಾರಿಗೆ ತಾನೇ ಇರುವುದಿಲ್ಲ? ಆದರೂ ಅವರು 1575ರ ಅಕ್ಟೋಬರಿನಲ್ಲಿ ಆ ಬಾಗಿಲನ್ನು ತಟ್ಟಿದರು. ಆಸ್ಪತ್ರೆಯವರು ತೆರೆದರು. ತೆರೆದವರ ಹೆಸರು ನಮಗೆ ತಿಳಿಯದಿದ್ದರೂ, ಆ ಸಂತರ ಕಥೆಯಲ್ಲಿ ಅವರ ಪಾಲೂ ಇದೆಯೆಂದು ನಾವು ನಂಬುತ್ತೇವೆ. ಈ ಸಲ ಕಮಿಲ್ಲಸರು ರೋಗಿಗಳ ಹಾಸಿಗೆಯ ಬಳಿಯಿಂದ ಕದಲಲಿಲ್ಲ. ನಾಲ್ಕು ವರ್ಷಗಳ ನಂತರ ಹುಣ್ಣು ಮಾಗಿದಂತೆ ಕಂಡಾಗ ಮತ್ತೊಮ್ಮೆ ಕಪುಚಿನ್ ಸಭೆಯನ್ನು ಸೇರಿದರು. ಹುಣ್ಣು ಮತ್ತೆ ಬಾಯ್ದೆರೆಯುವುದೆಂದು ಅವರ ಆತ್ಮಗುರುಗಳಾಗಿದ್ದ ಸಂತ ಫಿಲಿಪ್ ನೇರಿಯವರು ಮೊದಲೇ ಎಚ್ಚರಿಸಿದ್ದರು, ಹಾಗೆಯೇ ಆಯಿತು. ಎರಡನೆಯ ಬಾರಿಯೂ ಹಿಂದಿರುಗಿ ಬಂದವರನ್ನು ಆಸ್ಪತ್ರೆಯವರು ತಮ್ಮ ಸಂಸ್ಥೆಯ ಮೇಲ್ವಿಚಾರಕರನ್ನಾಗಿ ನೇಮಿಸಿದರು. ಒಮ್ಮೆ ಅಯೋಗ್ಯನೆಂದು ಹೊರಹಾಕಲ್ಪಟ್ಟ ಆಳು ಅದೇ ಮನೆಯ ಬೀಗದ ಕೈಗಳನ್ನು ಹಿಡಿಯುವಂತಾಯಿತು.

ಪ್ರಭುವನ್ನು ಮೂರು ಬಾರಿ ಅಲ್ಲಗಳೆದ ಪೇತ್ರರ ನೆನಪು ನಮಗೆ ಇಲ್ಲಿ ಬಾರದಿರದು. ಪುನರುತ್ಥಾನ ಹೊಂದಿದ ಪ್ರಭುವು ಅವರನ್ನು ಬರಿದೇ ಕ್ಷಮಿಸಿ ಸುಮ್ಮನಾಗಲಿಲ್ಲ. ತನ್ನ ಕುರಿಮಂದೆಯನ್ನೇ ಅವರಿಗೆ ಒಪ್ಪಿಸಿದನು. ಸೋತವನ ಕೈಗೆ ಕೆಲಸ ಕೊಡುವುದು ದೈವಕೃಪೆಯ ರೀತಿ. ಯೂದನೂ ಪಶ್ಚಾತ್ತಾಪಪಟ್ಟನು; ಆದರೆ ಹಿಂದಿರುಗಿ ಬರಲಿಲ್ಲ. ಪಾಪಕ್ಕಿಂತಲೂ ನಿರಾಶೆಯು ಹೆಚ್ಚು ಅಪಾಯಕರವೆಂದು ನಮ್ಮ ಪೂರ್ವಿಕರು ಬೋಧಿಸಿದುದು ಇದೇ ಕಾರಣಕ್ಕಾಗಿ.

ಕೆಂಪು ಶಿಲುಬೆಯ ಸಭೆ

ಆ ಕಾಲದ ಆಸ್ಪತ್ರೆಗಳಲ್ಲಿ ರೋಗಿಗಳನ್ನು ನೋಡಿಕೊಳ್ಳುತ್ತಿದ್ದವರು ಕೂಲಿಯ ಆಳುಗಳು. ಬೇರೆಲ್ಲಿಯೂ ಕೆಲಸ ಸಿಗದವರು ಅಲ್ಲಿಗೆ ಬರುತ್ತಿದ್ದುದೂ ಉಂಟು. ರೋಗಿಯು ಹಸಿದು ಕೂಗಿದರೂ, ಹಾಸಿಗೆಯಲ್ಲಿ ಹೊಲಸಾಗಿ ಬಿದ್ದಿದ್ದರೂ, ಕೊನೆಯುಸಿರೆಳೆಯುತ್ತಿದ್ದರೂ ಅವರ ಗಮನ ಹರಿಯುತ್ತಿರಲಿಲ್ಲ. ಕಮಿಲ್ಲಸರಿಗೆ ಇದೆಲ್ಲವೂ ಚೆನ್ನಾಗಿ ತಿಳಿದಿತ್ತು. ಏಕೆಂದರೆ ಅವರೇ ಒಂದು ಕಾಲದಲ್ಲಿ ಅಂಥ ಆಳಾಗಿದ್ದವರು, ಅಂಥ ರೋಗಿಯೂ ಆಗಿದ್ದವರು. 1582ರ ಆಗಸ್ಟ್ ತಿಂಗಳಿನಲ್ಲಿ, ಮಾತೆ ಮರಿಯಮ್ಮನವರ ಸ್ವರ್ಗಸ್ವೀಕಾರದ ಹಬ್ಬದ ಸಮಯದಲ್ಲಿ, ಹಣಕ್ಕಾಗಿ ಅಲ್ಲದೆ ಪ್ರಭುವಿನ ಪ್ರೀತಿಗಾಗಿಯೇ ರೋಗಿಗಳನ್ನು ತಾಯಿಯಂತೆ ಸಲಹುವ ಜನರ ಒಂದು ಕೂಟ ಏಕಾಗಬಾರದು ಎಂಬ ಆಲೋಚನೆ ಅವರಿಗೆ ಹೊಳೆಯಿತು.

ಆಸ್ಪತ್ರೆಯ ಅಧಿಕಾರಿಗಳು ಇದನ್ನು ಸಂಶಯದಿಂದ ಕಂಡರು. ಕೂಟದವರು ಪ್ರಾರ್ಥಿಸುತ್ತಿದ್ದ ಕೋಣೆಯನ್ನು ಮುಚ್ಚಿಸಿದರು. ಮನನೊಂದ ಕಮಿಲ್ಲಸರಿಗೆ ಶಿಲುಬೆಗೇರಿದ ಪ್ರಭುವಿನ ಸ್ವರೂಪವೇ ಧೈರ್ಯ ತುಂಬಿತೆಂದೂ, ಈ ಕಾರ್ಯ ಅವರದಲ್ಲ, ಪ್ರಭುವಿನದೇ ಎಂಬ ಅರಿವನ್ನು ಕೊಟ್ಟಿತೆಂದೂ ಸಂಪ್ರದಾಯವು ಹೇಳುತ್ತದೆ. ಗುರುಗಳಾದರೆ ರೋಗಿಗಳ ಆತ್ಮಗಳಿಗೂ ಸೇವೆ ಸಲ್ಲಿಸಬಹುದೆಂದು, ಮೂವತ್ತೆರಡು ದಾಟಿದ ಆ ಆಜಾನುಬಾಹು ಯೇಸುಸಭೆಯವರ ರೋಮನ್ ವಿದ್ಯಾಲಯದಲ್ಲಿ ಚಿಕ್ಕ ಹುಡುಗರ ನಡುವೆ ಕುಳಿತು ಲತೀನ್ ಭಾಷೆಯನ್ನು ಮೊದಲಿನಿಂದ ಕಲಿತರು. ತಡವಾಗಿ ಬಂದವರೆಂದು ಹುಡುಗರು ನಗುತ್ತಿದ್ದರು. 1584ರಲ್ಲಿ ಅವರಿಗೆ ಗುರುದೀಕ್ಷೆಯಾಯಿತು. ದೀಕ್ಷೆಯನ್ನಿತ್ತವರು ಸ್ವದೇಶದಿಂದ ದೂರವಾಗಿ ರೋಮಿನಲ್ಲಿದ್ದ ಇಂಗ್ಲಿಷ್ ಧರ್ಮಾಧ್ಯಕ್ಷರಾದ ಥಾಮಸ್ ಗೋಲ್ಡ್‌ವೆಲ್ ಎಂಬವರು. ಕತ್ತೆಯಿಂದಿಳಿದು ಅತ್ತ ದಿನದಿಂದ ಬಲಿಪೀಠದವರೆಗಿನ ದಾರಿ ಒಂಬತ್ತು ವರ್ಷಗಳದಾಗಿತ್ತು.

ಸಂತ ಯಕೋಬರ ಆಸ್ಪತ್ರೆಯನ್ನು ಬಿಟ್ಟು ಸ್ವತಂತ್ರವಾಗಿ ಕಾರ್ಯ ನಡೆಸಲು ಹೊರಟಾಗ ಸಂತ ಫಿಲಿಪ್ ನೇರಿಯವರೂ ಅದನ್ನು ಮೆಚ್ಚಲಿಲ್ಲ. ಆದರೂ ಕಮಿಲ್ಲಸರು ಧೃತಿಗೆಡಲಿಲ್ಲ. ವ್ಯಾಟಿಕನ್ನಿನ ಸಮೀಪದ ಪವಿತ್ರಾತ್ಮರ ಆಸ್ಪತ್ರೆಗೆ ಅವರು ಮತ್ತು ಜೊತೆಗಾರರು ದಿನವೂ ಹೋಗಿ ರೋಗಿಗಳಿಗೆ ಉಣಿಸುತ್ತ, ಹಾಸಿಗೆ ಸರಿಪಡಿಸುತ್ತ, ಸಾಯುವವರ ಬಳಿ ಕುಳಿತು ಪ್ರಾರ್ಥಿಸುತ್ತ ಸೇವೆ ಮಾಡಿದರು. 1586ರಲ್ಲಿ ಜಗದ್ಗುರು ಐದನೆಯ ಸಿಕ್ಸ್ತುಸರು ಈ ಕೂಟವನ್ನು ಅಂಗೀಕರಿಸಿ, ಕಪ್ಪು ನಿಲುವಂಗಿಯ ಎದೆಯ ಮೇಲೆ ಕೆಂಪು ಶಿಲುಬೆಯನ್ನು ಧರಿಸಲು ಅಪ್ಪಣೆಯಿತ್ತರು. ತಾಯಿಯ ಕನಸು ಕಡೆಗೂ ನಿಜವಾಯಿತು. ಆ ಗುರುತನ್ನು ಧರಿಸಿ ಆಕೆಯ ಮಗನನ್ನು ಹಿಂಬಾಲಿಸಿದವರು ಕಳ್ಳರಲ್ಲ, ರೋಗಿಗಳ ಸೇವಕರು. 1591ರಲ್ಲಿ ಜಗದ್ಗುರು ಹದಿನಾಲ್ಕನೆಯ ಗ್ರೆಗೋರಿಯವರು ಅದನ್ನು ಪೂರ್ಣ ಧಾರ್ಮಿಕ ಸಭೆಯ ಪದವಿಗೇರಿಸಿದರು. ಬಡತನ, ಬ್ರಹ್ಮಚರ್ಯ, ವಿಧೇಯತೆಗಳೊಡನೆ ಪ್ರಾಣಾಪಾಯವಿದ್ದರೂ ರೋಗಿಗಳನ್ನು ಸೇವಿಸುವ ನಾಲ್ಕನೆಯ ವ್ರತವನ್ನೂ ಸದಸ್ಯರು ಕೈಗೊಂಡರು. ನೇಪಲ್ಸಿನಲ್ಲಿ ಸೋಂಕುರೋಗ ತಗುಲಿದ ಹಡಗಿನವರನ್ನು ಆರೈಕೆ ಮಾಡಿ ಅವರಲ್ಲಿ ಇಬ್ಬರು ಆಗಲೇ ಪ್ರಾಣ ತೆತ್ತಿದ್ದರು. ತಾವು ಅಂಗಿಯವರೆಗೂ ಜೂಜಿನಲ್ಲಿ ಸೋತ ನಗರದಲ್ಲಿಯೇ ಕಮಿಲ್ಲಸರು ಸಭೆಯ ಮನೆಯೊಂದನ್ನು ತೆರೆದಿದ್ದರು.

1598ರ ಕ್ರಿಸ್ಮಸ್ ವೇಳೆಯಲ್ಲಿ ಟೈಬರ್ ನದಿ ಹಿಂದೆಂದೂ ಕಾಣದಷ್ಟು ಉಕ್ಕಿ ಪವಿತ್ರಾತ್ಮರ ಆಸ್ಪತ್ರೆಗೆ ನುಗ್ಗಿತು. ಕಮಿಲ್ಲಸರು ರಾತ್ರಿಯಿಡೀ ನೀರಿನಲ್ಲಿ ನಿಂತು, ರೋಗಿಗಳನ್ನು ತಮ್ಮ ವಿಶಾಲವಾದ ಹೆಗಲ ಮೇಲೆ ಹೊತ್ತು ಮೇಲಿನ ಅಂತಸ್ತಿಗೆ ಸಾಗಿಸಿದರು. ಹುಣ್ಣು ಆಗಲೂ ಅವರ ಕಾಲಿನಲ್ಲಿದ್ದಿತು. ಹಂಗೆರಿಯ ರಣರಂಗಗಳಿಗೂ ಅವರು ತಮ್ಮವರನ್ನು ಗಾಯಾಳುಗಳ ಶುಶ್ರೂಷೆಗೆ ಕಳುಹಿಸಿದರು. ಕೂಲಿ ಸೈನಿಕನಾಗಿದ್ದವರಿಗೆ ಯುದ್ಧಭೂಮಿಯಲ್ಲಿ ಬಿದ್ದವನ ಕಷ್ಟ ಪುಸ್ತಕದಿಂದ ತಿಳಿಯಬೇಕಾಗಿರಲಿಲ್ಲ.

ರೋಗಿಯಲ್ಲಿ ಅವರು ಕ್ರಿಸ್ತರನ್ನೇ ಕಾಣುತ್ತಿದ್ದರು. ಕೆಲವೊಮ್ಮೆ ಹಾಸಿಗೆಯ ಬಳಿ ಮೊಣಕಾಲೂರಿ, ರೋಗಿಯೇ ಪ್ರಭುವೆಂಬಂತೆ ತಮ್ಮ ಪಾಪಗಳಿಗೆ ಕ್ಷಮೆ ಬೇಡುತ್ತಿದ್ದರೆಂದು ಜೊತೆಗಿದ್ದವರು ಬರೆದಿಟ್ಟಿದ್ದಾರೆ. ತಮ್ಮ ಗತಜೀವನವನ್ನು ಅವರು ಎಂದೂ ಮುಚ್ಚಿಡಲಿಲ್ಲ. ಆದರೆ ಆ ನೆನಪು ಅವರನ್ನು ಕುಗ್ಗಿಸಲೂ ಇಲ್ಲ. ಕಾಲಿನ ಹುಣ್ಣನ್ನೂ, ಮುಂದೆ ಬಂದ ಇತರ ಕಾಯಿಲೆಗಳನ್ನೂ ದೇವರ ಕರುಣೆಗಳೆಂದೇ ಅವರು ಎಣಿಸಿದರು. 1607ರಲ್ಲಿ ಸಭೆಯ ಮುಖ್ಯಸ್ಥಾನವನ್ನು ಬಿಟ್ಟುಕೊಟ್ಟು ಸಾಮಾನ್ಯ ಸೇವಕರಂತೆ ರೋಗಿಗಳ ಬಳಿಗೆ ಮರಳಿದರು. ನಡೆಯಲಾರದ ಸ್ಥಿತಿಯಲ್ಲಿಯೂ ಹಾಸಿಗೆಯಿಂದ ಹಾಸಿಗೆಗೆ ತೆವಳಿಕೊಂಡು ಹೋಗಿ ವಿಚಾರಿಸುತ್ತಿದ್ದರು. 1614ರ ಜುಲೈ 14ರಂದು ರೋಮಿನಲ್ಲಿ, ತಮ್ಮ ಅರವತ್ತನಾಲ್ಕನೆಯ ವಯಸ್ಸಿನಲ್ಲಿ, ದೇವರ ಪಾದ ಸೇರಿದರು. 1746ರಲ್ಲಿ ಜಗದ್ಗುರು ಹದಿನಾಲ್ಕನೆಯ ಬೆನೆಡಿಕ್ಟರು ಅವರನ್ನು ಸಂತರೆಂದು ಘೋಷಿಸಿದರು. 1886ರಲ್ಲಿ ಜಗದ್ಗುರು ಹದಿಮೂರನೆಯ ಲಿಯೊರವರು ದೇವರ ಸಂತ ಜಾನರೊಡನೆ ಅವರನ್ನು ರೋಗಿಗಳ ಮತ್ತು ಆಸ್ಪತ್ರೆಗಳ ಪಾಲಕರನ್ನಾಗಿಯೂ, 1930ರಲ್ಲಿ ಜಗದ್ಗುರು ಹನ್ನೊಂದನೆಯ ಪಯಸರು ದಾದಿಯರ ಪಾಲಕರನ್ನಾಗಿಯೂ ನೇಮಿಸಿದರು. ಅವರ ಸಭೆಯವರು ನಮ್ಮ ದೇಶದಲ್ಲಿಯೂ ಇದ್ದಾರೆ. ಬೆಂಗಳೂರಿನಲ್ಲಿ ಅವರು ಕೈಗೊಂಡ ಸೇವೆಗಳಲ್ಲಿ ಎಚ್‌ಐವಿ ಸೋಂಕಿತರ ಆರೈಕೆಯೂ ಸೇರಿದೆ.

ನಮಗೆ ದೊರೆಯುವ ಪಾಠ

ಪ್ರಿಯ ಭಕ್ತಾದಿಗಳೇ, ಈ ಜೀವನದಿಂದ ನಾವು ಕಲಿಯಬೇಕಾದುದು ಎರಡು ಬಗೆಯದು. ಬಿದ್ದವರಿಗೆ ಒಂದು ಮಾತು. ಬೀಳದೆ ನಿಂತಿರುವೆವೆಂದು ಭಾವಿಸುವವರಿಗೆ ಇನ್ನೊಂದು.

ಬಿದ್ದವರು ತಿಳಿಯಬೇಕಾದುದು ಇಷ್ಟು. ಪಾಪನಿವೇದನೆಯಲ್ಲಿ ದೊರೆಯುವ ಕ್ಷಮೆ ಪೂರ್ಣವಾದುದು. ಅದರಲ್ಲಿ ಬಾಕಿ ಉಳಿಯುವುದಿಲ್ಲ. ಆದರೆ ಹಾಳಾದ ಆರೋಗ್ಯ, ಕಳೆದುಹೋದ ಆಸ್ತಿ, ಜನರ ವಿಶ್ವಾಸ, ಇವು ಮರುದಿನವೇ ಹಿಂದಿರುಗಲಾರವು. ಅವು ಹಿಂದಿರುಗಲಿಲ್ಲವೆಂದ ಮಾತ್ರಕ್ಕೆ ದೇವರು ಕ್ಷಮಿಸಿಲ್ಲವೆಂದು ತಿಳಿಯಬಾರದು. ಕಮಿಲ್ಲಸರ ಹುಣ್ಣು ವಾಸಿಯಾಗಲಿಲ್ಲ. ಅವರು ಬಯಸಿದ ಕಪುಚಿನ್ ನಿಲುವಂಗಿ ದೊರೆಯಲಿಲ್ಲ. ಮುಚ್ಚಿದ ಆ ಬಾಗಿಲೇ ಅವರನ್ನು ರೋಗಿಗಳ ಬಳಿಗೆ ತಂದು ನಿಲ್ಲಿಸಿತು. ಆ ಹುಣ್ಣಿಲ್ಲದಿದ್ದರೆ ಅವರೊಬ್ಬ ಒಳ್ಳೆಯ ಕಪುಚಿನ್ ಸಂನ್ಯಾಸಿಯಾಗಿ ಬಾಳುತ್ತಿದ್ದರು. ಹುಣ್ಣಿನಿಂದಾಗಿ ಲೆಕ್ಕವಿಲ್ಲದಷ್ಟು ರೋಗಿಗಳಿಗೆ ತಾಯಿಯಾದರು.

ನಿಂತಿರುವವರು ಆಲೋಚಿಸಬೇಕಾದುದು ಇದು. ಮನ್‌ಫ್ರೆದೋನಿಯದ ಗೃಹಸ್ಥರು ಕೂಲಿ ಕೆಲಸ ಕೊಡದಿದ್ದರೆ, ಕಪುಚಿನ್ ಮಠಾಧಿಕಾರಿಗಳು ಒಂದು ಸಂಜೆಯ ಸಮಯವನ್ನು ಕೊಡದಿದ್ದರೆ, ಆಸ್ಪತ್ರೆಯವರು ಹಳೆಯ ದೂರನ್ನು ಮುಂದಿಟ್ಟು ಬಾಗಿಲು ಮುಚ್ಚಿದ್ದರೆ, ಧರ್ಮಸಭೆಗೆ ಈ ಸಂತರು ದೊರೆಯುತ್ತಿದ್ದರೇ? ದೇವರು ಕ್ಷಮಿಸಿದ ಪಾಪವನ್ನು ನಾವು ಊರ ಕಟ್ಟೆಯ ಮೇಲೆ ಕುಳಿತು ಮತ್ತೆ ಮತ್ತೆ ಎತ್ತಿ ಆಡುತ್ತೇವೆ. ಕುಡಿತ ಬಿಟ್ಟವನನ್ನು ಕುಡುಕನೆಂದೇ ಕರೆಯುತ್ತೇವೆ. ತಪ್ಪಿ ನಡೆದು ಮನೆಗೆ ಮರಳಿದ ಮಗನಿಗೆ ಊಟ ಬಡಿಸಿದರೂ ಮನೆಯ ಹೊಣೆಯನ್ನು ಒಪ್ಪಿಸುವುದಿಲ್ಲ. ದೇವಾಲಯದ ಕೆಲಸಗಳಲ್ಲಿ ಅಂಥವರಿಗೆ ಸ್ಥಳವಿದೆಯೇ ಎಂದು ಪ್ರತಿಯೊಂದು ವಿಚಾರಣೆಯೂ ತನ್ನನ್ನು ತಾನು ಕೇಳಿಕೊಳ್ಳಬೇಕು.

ಮುಂದಿನ ನೂರು ವರ್ಷಗಳಿಗಾಗಿ ನಾವು ಗೋಡೆಗಳನ್ನು ಭದ್ರಪಡಿಸುತ್ತೇವೆ, ಸೂರನ್ನು ಹೊಸದಾಗಿ ಹೊದಿಸುತ್ತೇವೆ. ಅದರೊಂದಿಗೆ ಬಾಗಿಲುಗಳೂ ತೆರೆದಿರಲಿ. ವರ್ಷಗಳಿಂದ ದೂರ ಉಳಿದವರೊಬ್ಬರನ್ನಾದರೂ ಈ ಶತಮಾನೋತ್ಸವ ವರ್ಷದಲ್ಲಿ ಪ್ರತಿಯೊಂದು ಕುಟುಂಬವೂ ಕೈಹಿಡಿದು ಕರೆತಂದರೆ ಅದಕ್ಕಿಂತ ಮಿಗಿಲಾದ ಸ್ಮಾರಕ ಬೇರೊಂದಿಲ್ಲ. ಬಿದ್ದವರನ್ನು ಎತ್ತುವ ಕೃಪೆಯನ್ನು ನಮ್ಮೆಲ್ಲರಿಗಾಗಿ ಸಂತ ಕಮಿಲ್ಲಸರು ಪ್ರಭುವಿನಲ್ಲಿ ಬೇಡಲಿ.